ಉಪಗ್ರಹ ಚಿತ್ರದಲ್ಲಿ ಗುಡುಗು ಮೋಡವನ್ನು ಗುರುತಿಸುವ ಬಗೆ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನವನ್ನು ನೆನಪಿಗೆ ತಂದುಕೊಳ್ಳಿ. ಬೇಸಿಗೆ ಶೇಂಗಾ ಕಿತ್ತು ಬಳ್ಳಿಯನ್ನು ಹೊಲದಲ್ಲಿಯೇ ಒಣಗಲು ಬಿಟ್ಟಿದ್ದೀರಿ. ಬೆಳಿಗ್ಗೆಯಿಂದ ಬಿಸಿಲು ಸುಡುತ್ತಿದೆ, ಮೈ ಬೆವರುತ್ತಿದೆ, ಗಾಳಿಯ ಸುಳಿವಿಲ್ಲ. ಮೂರು ಗಂಟೆಯ ಹೊತ್ತಿಗೆ ದೂರದಲ್ಲಿ ಮೋಡವೊಂದು ಗೋಪುರದಂತೆ ಮೇಲೇಳುತ್ತದೆ. ಬಳ್ಳಿಯನ್ನು ಈಗಲೇ ಒಟ್ಟಬೇಕೆ, ಇಲ್ಲವೆ ಇನ್ನೊಂದು ದಿನ ಬಿಸಿಲಿಗೆ ಬಿಡಬಹುದೆ? ಒಟ್ಟಲು ಹೋದವರ ಮೇಲೆ ಸಿಡಿಲು ಎರಗಿದರೆ ಗತಿಯೇನು? ಮೊದಲನೆಯದು ಬೆಳೆಯ ಪ್ರಶ್ನೆ, ಎರಡನೆಯದು ಪ್ರಾಣದ ಪ್ರಶ್ನೆ. ಇವೆರಡಕ್ಕೂ ಒಂದೇ ಕಡೆ ಉತ್ತರ ಹುಡುಕಬಾರದು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಹವ್ಯಾಸಿಗಳು ತೋರಿಸಿದ ದಾರಿ

ಮೋಡಗಳನ್ನು ಮೇಲಿನಿಂದ ನೋಡುವ ಕೆಲಸ ಆರಂಭವಾದುದು 1960ರ ಏಪ್ರಿಲ್ 1ರಂದು. ಅಂದು ಅಮೆರಿಕವು ಟೈರೋಸ್-1 ಎಂಬ ಹವಾಮಾನ ಉಪಗ್ರಹವನ್ನು ಹಾರಿಸಿತು. 1963ರ ಡಿಸೆಂಬರಿನಲ್ಲಿ ಹಾರಿದ ಟೈರೋಸ್-8, ತಾನು ತೆಗೆದ ಚಿತ್ರವನ್ನು ಕೂಡಲೇ ಕೆಳಗಿನವರಿಗೆ ಬಾನುಲಿಯ ಮೂಲಕ ಕಳಿಸುವ ವಿಧಾನವನ್ನು ಪರೀಕ್ಷಿಸಿತು. ಇದರಿಂದ ಸರ್ಕಾರಿ ಕಚೇರಿಗಳಲ್ಲದೆ ಆಸಕ್ತಿಯುಳ್ಳ ಸಾಮಾನ್ಯ ಜನರಿಗೂ ಬಾಗಿಲು ತೆರೆಯಿತು. ರೇಡಿಯೋ ರಿಪೇರಿ ಬಲ್ಲವರು, ಶಾಲಾ ಶಿಕ್ಷಕರು, ವಿದ್ಯಾರ್ಥಿಗಳು ತಾವೇ ಆಂಟೆನಾ ಕಟ್ಟಿ, ತಲೆಯ ಮೇಲೆ ಉಪಗ್ರಹ ಹಾದುಹೋಗುವ ಹತ್ತು-ಹನ್ನೆರಡು ನಿಮಿಷಗಳಲ್ಲಿ ಮೋಡಗಳ ಚಿತ್ರವನ್ನು ಹಿಡಿಯತೊಡಗಿದರು. ಅಮೆರಿಕದ ನೋವಾ ಉಪಗ್ರಹಗಳು ಈ ಬಗೆಯ ಸಂಕೇತವನ್ನು 2025ರವರೆಗೂ ಬಿತ್ತರಿಸಿದವು. ಆ ವರ್ಷದ ಆಗಸ್ಟಿನಲ್ಲಿ ಅವುಗಳ ಸೇವೆ ಮುಗಿಯಿತು.

ಇಂದು ನಮಗೆ ಆಂಟೆನಾ ಬೇಕಿಲ್ಲ. ನಮ್ಮ ಇನ್ಸಾಟ್ ಉಪಗ್ರಹಗಳು ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿ ಭೂಮಿಯೊಡನೆ ಸುತ್ತುತ್ತಾ ದೇಶವನ್ನು ಹಗಲಿರುಳೂ ನೋಡುತ್ತಿವೆ. ಇವುಗಳಲ್ಲಿ ಇನ್ಸಾಟ್-3ಡಿಎಸ್ ಉಪಗ್ರಹವನ್ನು 2024ರ ಫೆಬ್ರವರಿ 17ರಂದು ಹಾರಿಸಲಾಯಿತು. ಅರ್ಧ ಗಂಟೆಗೊಮ್ಮೆ ತೆಗೆದ ಚಿತ್ರಗಳು ಭಾರತ ಹವಾಮಾನ ಇಲಾಖೆಯ ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತವೆ. ಮನೆಯಲ್ಲಿ ಮೊಬೈಲು ಇದ್ದರೆ ಸಾಕು. ಚಿತ್ರ ಸಿಗುವುದು ಈಗ ಕಷ್ಟವಲ್ಲ, ಅದನ್ನು ಸರಿಯಾಗಿ ಓದುವುದೇ ಕಲಿಯಬೇಕಾದ ವಿದ್ಯೆ.

ಬಿಳಿ ಎಂದರೆ ಮಳೆಯಲ್ಲ

ಚಿತ್ರಗಳಲ್ಲಿ ಎರಡು ಬಗೆ ಮುಖ್ಯ. ಒಂದು, ಕಣ್ಣಿಗೆ ಕಾಣುವ ಬೆಳಕಿನಲ್ಲಿ ತೆಗೆದದ್ದು. ಇದು ಹಗಲು ಮಾತ್ರ ಉಪಯುಕ್ತ. ಇನ್ನೊಂದು, ಅವಕೆಂಪು ಚಿತ್ರ. ಇದು ಬೆಳಕನ್ನಲ್ಲ, ಶಾಖವನ್ನು ಅಳೆಯುತ್ತದೆ. ಆದುದರಿಂದ ರಾತ್ರಿಯೂ ಕೆಲಸಕ್ಕೆ ಬರುತ್ತದೆ. ಕಾದ ನೆಲ ಇದರಲ್ಲಿ ಕಪ್ಪಾಗಿಯೂ ತಣ್ಣಗಿನ ಮೋಡದ ನೆತ್ತಿ ಬೆಳ್ಳಗೂ ಕಾಣುತ್ತವೆ.

ಮೇಲೇರಿದಂತೆ ಗಾಳಿ ಪ್ರತಿ ಕಿ.ಮೀ.ಗೆ ಸುಮಾರು 6.5 ಡಿಗ್ರಿ ತಣ್ಣಗಾಗುತ್ತದೆ. ಉಷ್ಣವಲಯದ ಬಲಿತ ಗುಡುಗು ಮೋಡ 15 ಕಿ.ಮೀ. ಎತ್ತರವನ್ನೂ ಮೀರಬಲ್ಲದು. ಎವರೆಸ್ಟ್ ಶಿಖರದ ಎತ್ತರವೇ 9 ಕಿ.ಮೀ.ಗಿಂತ ಕಡಿಮೆ ಎಂಬುದನ್ನು ಗಮನಿಸಿ. ಅಷ್ಟು ಎತ್ತರದಲ್ಲಿ ಉಷ್ಣಾಂಶ ಶೂನ್ಯಕ್ಕಿಂತ 60ರಿಂದ 80 ಡಿಗ್ರಿ ಕೆಳಗಿರುತ್ತದೆ. ಹೀಗಾಗಿ ಮೋಡದ ನೆತ್ತಿ ತಣ್ಣಗಿದ್ದಷ್ಟೂ ಅದು ಎತ್ತರಕ್ಕೆ ಬೆಳೆದಿದೆ ಎಂದು ತಿಳಿಯಬೇಕು.

ಆದರೆ ಇಲ್ಲಿಯೇ ಹೊಸಬರು ಎಡವುತ್ತಾರೆ. ಎತ್ತರದಲ್ಲಿ ಹತ್ತಿಯ ಎಳೆಯಂತೆ ಹರಡುವ, ಮಳೆ ಸುರಿಸದ ತೆಳು ಮೋಡವೂ ತಣ್ಣಗೇ ಇರುತ್ತದೆ. ಉಪಗ್ರಹ ನೋಡುವುದು ಮೋಡದ ನೆತ್ತಿಯನ್ನು, ಅದರ ಬುಡದಲ್ಲಿ ಬೀಳುವ ಮಳೆಯನ್ನಲ್ಲ.

ಮೋಡಕ್ಕೂ ಆಯುಸ್ಸು ಉಂಟು

1946-47ರಲ್ಲಿ ಅಮೆರಿಕದ ಫ್ಲಾರಿಡಾ ಮತ್ತು ಒಹಾಯೊಗಳಲ್ಲಿ ವಿಮಾನಗಳನ್ನು ಗುಡುಗು ಮೋಡಗಳೊಳಕ್ಕೇ ನುಗ್ಗಿಸಿ ಅಧ್ಯಯನ ನಡೆಸಲಾಯಿತು. ಬೈಯರ್ಸ್ ಮತ್ತು ಬ್ರಹಾಮ್ ಎಂಬ ವಿಜ್ಞಾನಿಗಳು ಇದರಿಂದ ಮೋಡದ ಬಾಳಿನ ಮೂರು ಹಂತಗಳನ್ನು ಗುರುತಿಸಿದರು. ಮೊದಲು ಗಾಳಿ ಮೇಲಕ್ಕೆ ಮಾತ್ರ ಏರುತ್ತದೆ. ಎರಡನೆಯ ಹಂತದಲ್ಲಿ ಏರುಗಾಳಿಯೊಡನೆ ಇಳಿಗಾಳಿಯೂ ಹುಟ್ಟಿ ಮಳೆ, ಬಿರುಗಾಳಿ, ಸಿಡಿಲುಗಳು ಜೋರಾಗುತ್ತವೆ. ಮೂರನೆಯ ಹಂತದಲ್ಲಿ ಇಳಿಗಾಳಿಯೇ ಮೇಲುಗೈ ಪಡೆದು ಮೋಡ ಸೊರಗುತ್ತದೆ. ಒಂಟಿ ಮೋಡವೊಂದರ ಈ ಬಾಳೆಲ್ಲ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಮುಗಿಯಬಹುದು.

ಕೊನೆಯ ಹಂತದಲ್ಲಿ ಮೋಡದ ನೆತ್ತಿ ಗಾಳಿಗೆ ಹರಡಿ ಚಿತ್ರದಲ್ಲಿ ಬಹು ದೊಡ್ಡದಾಗಿ ಕಾಣುತ್ತದೆ. ನೋಡಿದವರು ಹೆದರುತ್ತಾರೆ, ಆದರೆ ಅದರ ಶಕ್ತಿ ಆಗಲೇ ಉಡುಗುತ್ತಿರುತ್ತದೆ. ಇತ್ತ ಅದರಿಂದ ಇಳಿದ ತಂಪು ಗಾಳಿ ನೆಲದ ಮೇಲೆ ಹರಿದು ಪಕ್ಕದಲ್ಲಿ ಹೊಸ ಮೋಡವನ್ನು ಎಬ್ಬಿಸುತ್ತಿರಬಹುದು. ಚಿತ್ರದಲ್ಲಿ ಚಿಕ್ಕ ಚುಕ್ಕೆಯಾಗಿರುವ ಆ ಮರಿಯೇ ನಿಮ್ಮ ಹೊಲದ ಮಳೆಯಾದೀತು.

ಚಿತ್ರ ನೋಡುವ ಕ್ರಮ

ಅನುಭವವುಳ್ಳ ಹವ್ಯಾಸಿಗಳು ಒಂದೇ ಚಿತ್ರವನ್ನು ನಂಬುವುದಿಲ್ಲ. ನೀವೂ ಈ ಕ್ರಮವನ್ನು ಅನುಸರಿಸಿ:

1. ಮೊದಲು ಚಿತ್ರದ ವೇಳೆಯನ್ನು ನೋಡಿ. ಗ್ರೀನ್‌ವಿಚ್ ವೇಳೆ ಕೊಟ್ಟಿದ್ದರೆ 5 ಗಂಟೆ 30 ನಿಮಿಷ ಕೂಡಿಸಿ. 9-30 ಎಂದಿದ್ದರೆ ನಮಗೆ ಮಧ್ಯಾಹ್ನ 3 ಗಂಟೆ.

2. ಬಣ್ಣ ಬಳಿದ ಚಿತ್ರವಾದರೆ ಯಾವ ಬಣ್ಣಕ್ಕೆ ಎಷ್ಟು ಡಿಗ್ರಿ ಎಂಬ ಪಟ್ಟಿಯನ್ನು ಓದಿಕೊಳ್ಳಿ.

3. ಕನಿಷ್ಠ ಮೂರು ಚಿತ್ರಗಳನ್ನು ಸಾಲಾಗಿ ಹೋಲಿಸಿ. ನೆತ್ತಿ ಇನ್ನೂ ತಣ್ಣಗಾಗುತ್ತಿದ್ದರೆ ಮೋಡ ಬೆಳೆಯುತ್ತಿದೆ. ಬಿಸಿಯಾಗುತ್ತಾ ಅಂಚು ಮಸುಕಾದರೆ ಸೊರಗುತ್ತಿದೆ.

4. ಸಾಗುವ ದಿಕ್ಕು ಮತ್ತು ವೇಗವನ್ನು ಲೆಕ್ಕ ಹಾಕಿ. ಒಂದು ಗಂಟೆಯಲ್ಲಿ ಮೋಡ 30 ಕಿ.ಮೀ. ಸರಿದಿದೆ, ನಿಮ್ಮೂರು ಇನ್ನೂ 45 ಕಿ.ಮೀ. ದೂರವಿದೆ ಎಂದಿಟ್ಟುಕೊಳ್ಳಿ. ಅದು ತಲುಪಲು ಒಂದೂವರೆ ಗಂಟೆ ಬೇಕು. ಅಷ್ಟರಲ್ಲಿ ಅದು ಸತ್ತಿರಲೂಬಹುದು.

5. ಉಪಗ್ರಹ ನಮ್ಮ ದಕ್ಷಿಣಕ್ಕಿದ್ದು ಓರೆಯಾಗಿ ನೋಡುವುದರಿಂದ, ನಮ್ಮ ರಾಜ್ಯದ ಎತ್ತರದ ಮೋಡಗಳು ತಮ್ಮ ನಿಜಸ್ಥಾನಕ್ಕಿಂತ ನಾಲ್ಕೈದು ಕಿ.ಮೀ. ಉತ್ತರಕ್ಕೆ ಕಾಣುತ್ತವೆ. ಹಳ್ಳಿಯ ಲೆಕ್ಕದಲ್ಲಿ ಇದು ಸಣ್ಣ ಅಂತರವಲ್ಲ.

ಮಳೆಯನ್ನು ಅಳೆದು ಬರೆದಿಡಿ

ಚಿತ್ರದ ಓದು ಸರಿಯೋ ತಪ್ಪೋ ಎಂಬುದನ್ನು ಹೇಳುವುದು ನಿಮ್ಮ ಹೊಲದ ಮಳೆಯೇ. ಬುಡದಿಂದ ಬಾಯಿಯವರೆಗೆ ಒಂದೇ ಅಗಲವಿರುವ ಡಬ್ಬಿಯೊಂದನ್ನು ಮರ-ಗೋಡೆಗಳಿಂದ ದೂರ, ಬಯಲಿನಲ್ಲಿ ಭದ್ರವಾಗಿ ನೆಡಿ. ಇಲಾಖೆಯ ಪದ್ಧತಿಯಂತೆ ದಿನವೂ ಬೆಳಿಗ್ಗೆ 8-30ಕ್ಕೆ ನೀರಿನ ಆಳವನ್ನು ಅಳತೆಪಟ್ಟಿಯಿಂದ ಅಳೆದು ಚೆಲ್ಲಿಬಿಡಿ. ಒಂದು ಮಿ.ಮೀ. ಮಳೆ ಎಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು. ಒಂದು ಪುಸ್ತಕದಲ್ಲಿ ದಿನಾಂಕ, ಮೋಡ ಎದ್ದ ದಿಕ್ಕು, ಚಿತ್ರ ನೋಡಿ ನೀವು ಮಾಡಿದ ಅಂದಾಜು, ಬಿದ್ದ ಮಳೆ, ಇವುಗಳನ್ನು ಬರೆಯಿರಿ. ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳ ಲೆಕ್ಕ ಇಡುವ ರೂಢಿ ನಮ್ಮಲ್ಲಿ ಮೊದಲಿನಿಂದಲೂ ಇದೆ. ಇದು ಅದರದೇ ಮುಂದುವರಿಕೆ. ತಪ್ಪಿದ ಅಂದಾಜುಗಳನ್ನೂ ಬಿಡದೆ ಬರೆಯಿರಿ, ಹೆಚ್ಚು ಕಲಿಸುವವು ಅವೇ.

ಸಿಡಿಲಿನ ವಿಷಯದಲ್ಲಿ ಚಿತ್ರವನ್ನು ಕಾಯಬೇಡಿ

ನಾಳೆ ಬಳ್ಳಿ ಹರವಬೇಕೆ, ಇಂದು ಸಂಜೆ ಔಷಧಿ ಸಿಂಪಡಿಸಬೇಕೆ ಎಂಬ ಯೋಚನೆಗೆ ಇಲಾಖೆಯ ಮುನ್ಸೂಚನೆಯನ್ನು ಆಧಾರವಾಗಿ ಇಟ್ಟುಕೊಳ್ಳಿ. ಅದಕ್ಕೆ ಚಿತ್ರ ನೆರವಾಗುತ್ತದೆ. ಆದರೆ ಚಿತ್ರ ತೆಗೆದು ನಿಮಗೆ ತಲುಪುವಷ್ಟರಲ್ಲಿ ಹೊತ್ತು ಕಳೆದಿರುತ್ತದೆ, ಅಷ್ಟರಲ್ಲಿ ಹೊಸ ಮೋಡ ಹುಟ್ಟಿ ಸಿಡಿಲು ಕಾರಬಲ್ಲದು. ಪ್ರಾಣದ ಪ್ರಶ್ನೆಗೆ ಉತ್ತರ ಹೇಳಬೇಕಾದುದು ನಿಮ್ಮ ಕಿವಿ.

ಮಿಂಚು ಕಂಡ ಕೂಡಲೇ ಎಣಿಸಲು ಆರಂಭಿಸಿ. ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಸಿಡಿಲಿನ ದೂರ ಕಿ.ಮೀ.ಗಳಲ್ಲಿ ಸಿಗುತ್ತದೆ. ಎಣಿಕೆ 30 ಆಗುವ ಮೊದಲೇ ಗುಡುಗು ಕೇಳಿದರೆ ಕೆಲಸವನ್ನು ಇದ್ದಲ್ಲಿಯೇ ಬಿಟ್ಟು ಪಕ್ಕಾ ಮನೆ ಅಥವಾ ಮುಚ್ಚಿದ ವಾಹನದೊಳಕ್ಕೆ ಸೇರಿ. ಒಂಟಿ ಮರದ ಬುಡ, ಕೆರೆಯ ಅಂಗಳ, ತಂತಿ ಬೇಲಿಯ ಪಕ್ಕ, ತೆರೆದ ಟ್ರ್ಯಾಕ್ಟರ್, ಇವು ಯಾವುವೂ ಆಸರೆಯಲ್ಲ. ದನಗಳನ್ನೂ ಮರಕ್ಕೆ ಕಟ್ಟಬೇಡಿ. ಕೊನೆಯ ಗುಡುಗು ಕೇಳಿದ ಮೇಲೆ ಅರ್ಧ ಗಂಟೆ ಹೊರಗೆ ಬರಬೇಡಿ. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಹೆದರದೆ ಮುಟ್ಟಿ ಕೂಡಲೇ ಉಪಚರಿಸಿ, ಉಸಿರು ನಿಂತಿದ್ದರೆ ತಡಮಾಡದೆ ಎದೆಯೊತ್ತುವ ಪ್ರಥಮ ಚಿಕಿತ್ಸೆ ನೀಡಿ ಆಸ್ಪತ್ರೆಗೆ ಸಾಗಿಸಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಎಂಬ ಮೊಬೈಲ್ ಸೌಲಭ್ಯವೂ ಸಮೀಪದ ಸಿಡಿಲಿನ ಎಚ್ಚರಿಕೆ ನೀಡುತ್ತದೆ.

ಶೇಂಗಾ ಬಳ್ಳಿ ನೆನೆದರೆ ಒಂದು ಬೆಳೆಯ ನಷ್ಟ. ಅದನ್ನು ಮುಂದಿನ ಹಂಗಾಮಿನಲ್ಲಿ ತುಂಬಿಕೊಳ್ಳಬಹುದು. ಆದುದರಿಂದ ಈ ಬೇಸಿಗೆಯಿಂದಲೇ ಚಿತ್ರ ನೋಡುವುದನ್ನು ಕಲಿಯಿರಿ, ಮಕ್ಕಳಿಗೂ ಕಲಿಸಿರಿ. ಗುಡುಗು ಕೇಳಿದಾಗ ಮಾತ್ರ ಮೊಬೈಲನ್ನು ಜೇಬಿಗೆ ಹಾಕಿಕೊಂಡು, ಆಳುಗಳನ್ನೂ ಕರೆದುಕೊಂಡು ಮನೆ ಸೇರಿರಿ.