ಮೊಹಾವಿಯ ಅಳಿಯದ ಜಾಡುಗಳು

1942ರಲ್ಲಿ ಅಮೆರಿಕ ಸೇನೆಯ ಜನರಲ್ ಜಾರ್ಜ್ ಪ್ಯಾಟನ್ ತಮ್ಮ ಟ್ಯಾಂಕುಗಳನ್ನು ಅಮೆರಿಕದ ಮೊಹಾವಿ ಮರುಭೂಮಿಗೆ ಇಳಿಸಿದರು. ಉತ್ತರ ಆಫ್ರಿಕದ ಮರಳಿನಲ್ಲಿ ಕಾದಾಡಬೇಕಿದ್ದ ಸೈನಿಕರಿಗೆ ಅಲ್ಲಿ ತಾಲೀಮು ನಡೆಯಿತು. 1944ರ ಹೊತ್ತಿಗೆ ಶಿಬಿರಗಳು ಮುಚ್ಚಿದವು, ಮರುವರ್ಷ ಎರಡನೇ ಮಹಾಯುದ್ಧವೂ ಮುಗಿಯಿತು. ಆ ಟ್ಯಾಂಕುಗಳು ನೆಲದ ಮೇಲೆ ಬಿಟ್ಟುಹೋದ ಜಾಡುಗಳು ಎಂಬತ್ತು ವರ್ಷ ಕಳೆದರೂ ಹಲವೆಡೆ ಹಾಗೇ ಇವೆ.

ಮಲೆನಾಡಿನಲ್ಲಿ ಓಡಾಟ ನಿಂತ ಕಾಲುದಾರಿಯನ್ನು ನಾಲ್ಕು ಮಳೆಗಾಲದಲ್ಲಿ ಗಿಡಗಂಟಿ ನುಂಗಿಬಿಡುತ್ತದೆ. ಮೊಹಾವಿಯಲ್ಲಿ ಅಷ್ಟು ಬೇಗ ಏನೂ ಚಿಗುರುವುದಿಲ್ಲ. ಬಹಳಷ್ಟು ಕಡೆ ವರ್ಷಕ್ಕೆ ಐದಾರು ಅಂಗುಲ ಮಳೆ ಬಂದರೆ ಅದೇ ಹೆಚ್ಚು.

ಬರಡಾಗಿ ಕಾಣುವ ಆ ನೆಲಕ್ಕೆ ಒಂದು ಜೀವಂತ ಹೊದಿಕೆಯಿದೆ. ಸಯನೋಬ್ಯಾಕ್ಟೀರಿಯ ಎಂಬ ಸೂಕ್ಷ್ಮಜೀವಿಗಳು, ಕಲ್ಲುಹೂ, ಹಾವಸೆ ಎಲ್ಲ ಸೇರಿ ಮಣ್ಣಿನ ಕಣಗಳನ್ನು ಹಿಡಿದು ಕಟ್ಟಿದ ತೆಳು ಪದರ ಅದು. ಗಾಳಿಗೆ ಮಣ್ಣು ಹಾರದಂತೆ ತಡೆಯುವುದು ಅದೇ, ಗಾಳಿಯಲ್ಲಿನ ಸಾರಜನಕವನ್ನು ಮಣ್ಣಿಗೆ ಕೂಡಿಸುವುದೂ ಅದೇ. ಇದರ ಮೇಲೆ ಒಮ್ಮೆ ಜೀಪು ಹಾದರೆ ಸಾಕು, ಪದರ ಪುಡಿಯಾಗುತ್ತದೆ. ಮತ್ತೆ ಕಟ್ಟಿಕೊಳ್ಳಲು ದಶಕಗಳು ಬೇಕು, ಕೆಲವು ಕಡೆ ಶತಮಾನಗಳೇ ಬೇಕು. ಗಾಡಿಯ ಭಾರಕ್ಕೆ ಅಡಿಯ ಮಣ್ಣು ಗಟ್ಟಿಯಾಗಿ, ಬಿದ್ದ ಅಲ್ಪಸ್ವಲ್ಪ ನೀರೂ ಇಂಗದೆ ಹರಿದುಹೋಗುತ್ತದೆ. ಮೊಳೆತ ಬೀಜಕ್ಕೆ ಬೇರು ಇಳಿಸಲು ಜಾಗ ಸಿಗುವುದಿಲ್ಲ.

ಮೋಜಿಗಾಗಿ ಅಲ್ಲಿ ಓಡಿಸುವ ಗಾಡಿಗಳ ಸದ್ದೂ ಘಾಸಿ ಮಾಡುತ್ತದೆ. 1983ರಲ್ಲಿ ಬ್ರಾಟ್‌ಸ್ಟ್ರಾಮ್ ಮತ್ತು ಬೊಂಡೆಲೊ ಎಂಬ ಸಂಶೋಧಕರು ಇದರ ಬಗ್ಗೆ ಬರೆದದ್ದನ್ನು ಓದಿದರೆ ಮನಸ್ಸು ಮುದುಡುತ್ತದೆ. ಅಲ್ಲಿನ ಒಂದು ಜಾತಿಯ ಕಪ್ಪೆ ವರ್ಷದ ಬಹುಪಾಲು ಮಣ್ಣಿನೊಳಗೆ ಹೂತುಕೊಂಡಿದ್ದು, ಗುಡುಗು ಮಳೆ ಬಂದಾಗ ಮೇಲೆದ್ದು ಮೊಟ್ಟೆ ಇಡುತ್ತದೆ. ಮೋಟಾರ್‌ಸೈಕಲ್ಲಿನ ಸದ್ದನ್ನು ಧ್ವನಿಮುದ್ರಿಸಿ ಕೇಳಿಸಿದಾಗಲೂ ಅದು ಮೇಲೆ ಬಂತು. ನೀರಿಲ್ಲದ ಬೇಸಿಗೆಯಲ್ಲಿ ಹೀಗೆ ಎದ್ದು ಬಂದರೆ ಅದರ ಜೀವಕ್ಕೇ ಸಂಚಕಾರ. ಡ್ಯೂನ್ ಬಗ್ಗಿ ಎಂಬ ಮರಳುಗಾಡಿಯ ಆರ್ಭಟವನ್ನು ಕೆಲವೇ ನಿಮಿಷ ಕೇಳಿದ ಕಾಂಗರೂ ಇಲಿಗಳ ಕಿವಿ ವಾರಗಟ್ಟಲೆ ಮಂದವಾಯಿತು. ಹಾವು ಹತ್ತಿರ ಸರಿಯುವ ಸಪ್ಪಳ ಕೇಳಿಸಿಕೊಂಡೇ ಅವು ಬದುಕಬೇಕು.

ಇನ್ನು ಮರುಭೂಮಿಯ ಆಮೆಯ ಪಾಡು. ಬದುಕಿನ ಬಹುಪಾಲನ್ನು ಬಿಲದೊಳಗೇ ಕಳೆಯುವ ಇದು ಮೊಟ್ಟೆ ಇಡುವ ಪ್ರಾಯಕ್ಕೆ ಬರಲು ಸಾಮಾನ್ಯವಾಗಿ ಹದಿನೈದು ವರ್ಷದಷ್ಟು ಹಿಡಿಯುತ್ತದೆ. ಗಾಡಿ ಹರಿದರೆ ಬಿಲ ಕುಸಿಯುತ್ತದೆ. ಮೊದಲ ಕೆಲವು ವರ್ಷ ಮರಿಯ ಚಿಪ್ಪು ಮೆತ್ತಗಿರುವುದರಿಂದ ಕಾಗೆ ಜಾತಿಯ ರೇವನ್ ಹಕ್ಕಿ ಕುಕ್ಕಿ ತಿನ್ನುತ್ತದೆ. ಆ ಹಕ್ಕಿಗೆ ಹೆದ್ದಾರಿಯಲ್ಲಿ ಸತ್ತು ಬಿದ್ದ ಪ್ರಾಣಿಗಳು ವರ್ಷವಿಡೀ ಸಿಗುವ ಊಟ, ಹಾಗಾಗಿ ರಸ್ತೆ ಬಂದಲ್ಲೆಲ್ಲ ಅದರ ಸಂತತಿ ಬೆಳೆದಿದೆ. ಡಾಂಬರಿನಿಂದ ಹರಿದ ಮಳೆನೀರಿಗೆ ರಸ್ತೆಯಂಚಿನ ಗಿಡ ಹಸಿರಾಗುತ್ತದೆ, ಅದನ್ನು ಮೇಯಲು ಬಂದ ಆಮೆ ಚಕ್ರಕ್ಕೆ ಸಿಗುತ್ತದೆ. ಬಿಸಿಲಿನ ಹೊತ್ತು ನಿಂತ ಗಾಡಿಯ ನೆರಳಿಗೂ ಬಂದು ಕೂರುವುದುಂಟು. ಹೊರಡುವ ಮುನ್ನ ಬಗ್ಗಿ ನೋಡಿ ಎಂದು ಪ್ರವಾಸಿಗರಿಗೆ ಎಚ್ಚರಿಕೆ ಕೊಡುವುದು ಅದಕ್ಕೇ. ಹೆದರಿಸಿದರೆ ಒಳಗೆ ಕೂಡಿಟ್ಟ ನೀರನ್ನೆಲ್ಲ ಅದು ಮೂತ್ರವಾಗಿ ಹೊರಹಾಕುವುದುಂಟು, ಹಾಗಾದರೆ ಮುಂದಿನ ಮಳೆಯವರೆಗೆ ಬದುಕುವುದು ಕಷ್ಟ. 1990ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಮೊಹಾವಿಯ ಈ ಆಮೆಯನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು.

ಇದೆಲ್ಲ ನಡೆಯುತ್ತಿರುವುದು ಬಹುಮಟ್ಟಿಗೆ ಸಾರ್ವಜನಿಕ ಭೂಮಿಯಲ್ಲಿ. 1967ರಲ್ಲಿ ಆರಂಭವಾದ ಬಾರ್‌ಸ್ಟೋ–ಲಾಸ್ ವೇಗಾಸ್ ಮೋಟಾರ್‌ಸೈಕಲ್ ಸ್ಪರ್ಧೆಯಲ್ಲಿ ಸಾವಿರಾರು ಸವಾರರು ಸಾಲಾಗಿ ನಿಂತು ಒಟ್ಟಿಗೇ ಮರುಭೂಮಿಗೆ ನುಗ್ಗುತ್ತಿದ್ದರು. ಎಪ್ಪತ್ತರ ದಶಕದ ನಡುವೆ ಅದಕ್ಕೆ ಅನುಮತಿ ನಿಂತಿತು, 1983ರಲ್ಲಿ ಮತ್ತೆ ಸಿಕ್ಕಿತು, 1989ರ ಬಳಿಕ ನಡೆದಿಲ್ಲ. ಅಷ್ಟರಲ್ಲಿ ಅಧ್ಯಕ್ಷ ನಿಕ್ಸನ್ 1972ರಲ್ಲೇ, ಸಾರ್ವಜನಿಕ ಭೂಮಿಯಲ್ಲಿ ಆಫ್‌ರೋಡ್ (ರಸ್ತೆ ಬಿಟ್ಟು ಓಡುವ) ವಾಹನ ಎಲ್ಲಿ ಓಡಬಹುದು, ಎಲ್ಲಿ ಓಡಬಾರದು ಎಂದು ಗುರುತಿಸಬೇಕೆಂದು ಆದೇಶಿಸಿದ್ದರು. ಗಂಭೀರ ಹಾನಿ ಕಂಡರೆ ಆ ಜಾಗವನ್ನು ತಕ್ಷಣ ಮುಚ್ಚಬೇಕೆಂದು 1977ರಲ್ಲಿ ಅಧ್ಯಕ್ಷ ಕಾರ್ಟರ್ ಅದನ್ನು ಬಿಗಿ ಮಾಡಿದರು.

ಆದೇಶ ಕಾಗದದ ಮೇಲೆ ಸರಿಯಾಗಿಯೇ ಇದೆ. ಆದರೆ ಅಷ್ಟು ವಿಶಾಲ ಬಯಲನ್ನು ಬೆರಳೆಣಿಕೆಯ ಕಾವಲುಗಾರರು ಕಾಯುವುದು ಹೇಗೆ? ಒಬ್ಬ ದಾರಿ ಬಿಟ್ಟು ಹೋದರೆ ಹಿಂದೆ ಬಂದವನಿಗೆ ಅದೇ ದಾರಿಯಾಗಿ ಕಾಣುತ್ತದೆ, ಅವನ ನಂತರದವನಿಗೆ ಅನುಮಾನವೂ ಉಳಿಯುವುದಿಲ್ಲ. ಹಠಮಾರಿ ಸವಾರರಿಗಿಂತ ಹೀಗೆ ನಂಬಿಕೊಂಡು ಹಿಂಬಾಲಿಸುವವರಿಂದಲೇ ಜಾಡುಗಳು ಹಬ್ಬುತ್ತವೆ.

ಸವಾರರ ಖುಷಿ ಸುಳ್ಳಲ್ಲ. ಎಷ್ಟೋ ಕುಟುಂಬಗಳು ಮಕ್ಕಳೊಡನೆ ವಾರಾಂತ್ಯ ಕಳೆಯುವುದು ಅಲ್ಲೇ. ಅವರಿಗಾಗಿ ಜಾನ್ಸನ್ ಕಣಿವೆಯಂಥ ಜಾಗವನ್ನು ಬಿಟ್ಟುಕೊಟ್ಟು, ಉಳಿದ ನೆಲವನ್ನು ಕಾಯುವುದು ನ್ಯಾಯವಾದ ಏರ್ಪಾಡು. ಆದರೂ ಗಮನಿಸಬೇಕು: ಅದೇ ಕಣಿವೆಯ ಸೀಮೆಯಲ್ಲಿ ಬೇಲಿಯೊಳಗೆ ಕಿಂಗ್ ಕ್ಲೋನ್ ಎಂಬ ಕ್ರಿಯೊಸೋಟ್ ಪೊದೆಯಿದೆ. ಒಂದೇ ಬೇರಿನಿಂದ ಕವಲೊಡೆದು ಉಂಗುರದಂತೆ ಹಬ್ಬಿದ ಅದರ ವಯಸ್ಸು ಸುಮಾರು 11,700 ವರ್ಷ ಎಂದು ಅಂದಾಜು. ಬೇಲಿ ಇಲ್ಲದಿದ್ದರೆ ಅದು ಹಾದಿಹೋಕರ ಕಣ್ಣಿಗೆ ಬರೀ ಕುರುಚಲು.

ಈಗ ಮೊಹಾವಿಯಲ್ಲಿ ನಡೆದಿರುವ ದುರಸ್ತಿ ಕೆಲಸದ ಒಂದು ಉಪಾಯ ತುಂಬಾ ಸರಳ. ಒಣಗಿದ ಕೊಂಬೆಗಳನ್ನು ತಂದು ಅಕ್ರಮ ಜಾಡಿನಲ್ಲಿ ನೆಟ್ಟಗೆ ನೆಡುತ್ತಾರೆ, ಗಟ್ಟಿಯಾದ ಮಣ್ಣನ್ನು ಸಡಿಲಿಸುತ್ತಾರೆ. ದೂರದಿಂದ ನೋಡಿದವರಿಗೆ ಅಲ್ಲಿ ದಾರಿಯಿತ್ತೆಂದೇ ತಿಳಿಯದು. ಕೊಂಬೆಗಳ ಬುಡದಲ್ಲಿ ಗಾಳಿ ತಂದ ಬೀಜ ನಿಲ್ಲುತ್ತದೆ. ಸಕ್ರಮ ರಸ್ತೆಯಿಂದ ಕಣ್ಣಿಗೆ ಕಾಣುವಷ್ಟು ದೂರ ಮಾತ್ರ ಹೀಗೆ ಮರೆಮಾಡುತ್ತಾರೆ, ಯಾಕೆಂದರೆ ಹೊಸಬರು ಜಾಡಿಗೆ ಇಳಿಯುವುದು ಅಲ್ಲಿಂದಲೇ. ಕ್ಯಾಲಿಫೋರ್ನಿಯದಲ್ಲಿ ಈ ಬಗೆಯ ಕೆಲಸಕ್ಕೆ ಸಿಗುವ ಅನುದಾನದಲ್ಲಿ ಆಫ್‌ರೋಡ್ ವಾಹನಗಳ ಮಾಲೀಕರು ನೋಂದಣಿಗೆ ಕಟ್ಟಿದ ಶುಲ್ಕದ ಪಾಲೂ ಇದೆ.