ಕುರ್ಚಿ ನೆಲಕ್ಕೆ ಬೇರೂರಿದ ಬಗೆ

ಕುಳಿತು ಈಟಿ ಎಸೆಯುವವರನ್ನು ನೋಡುವಾಗ ನಮ್ಮ ಕಣ್ಣು ಎಸೆಯುವ ಕೈಯನ್ನೇ ಹಿಂಬಾಲಿಸುತ್ತದೆ. ಒಮ್ಮೆ ಇನ್ನೊಂದು ಕೈಯನ್ನು ಗಮನಿಸಿ. ಅನೇಕರಲ್ಲಿ ಅದು ಕುರ್ಚಿಯ ಮುಂದಿನ ಕಂಬವನ್ನು ಬಿಗಿಹಿಡಿದು ಇಡೀ ಮೈಯನ್ನು ಮುಂದಕ್ಕೆ ಸೆಳೆಯುತ್ತಿರುತ್ತದೆ. ಅರ್ಧ ಎಸೆತ ಅಲ್ಲಿದೆ.

ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರಿಗಾಗಿ ವೈದ್ಯ ಲುಡ್ವಿಗ್ ಗಟ್‌ಮನ್ 1948ರಲ್ಲಿ ಕ್ರೀಡಾಕೂಟ ಆರಂಭಿಸಿದಾಗ ಇದ್ದದ್ದು ಬಿಲ್ಲುಗಾರಿಕೆ. 1960ರ ರೋಮ್ ಪ್ಯಾರಾಲಿಂಪಿಕ್ಸ್ ಹೊತ್ತಿಗೆ ಈಟಿ, ಗುಂಡು, ಕ್ಲಬ್ (ಮರದ ಸಣ್ಣ ಗದೆ) ಎಸೆತಗಳೂ ಸೇರಿದ್ದವು. ಎಸೆಯುತ್ತಿದ್ದುದು ಗಾಲಿಕುರ್ಚಿಯಿಂದ. ತೊಡಕಿದ್ದದ್ದೇ ಆ ಗಾಲಿಗಳಲ್ಲಿ. ಗುಂಡನ್ನು ಎಷ್ಟು ಬಲದಿಂದ ಮುಂದಕ್ಕೆ ನೂಕುತ್ತೇವೋ ಅಷ್ಟೇ ಬಲದಿಂದ ಅದು ನಮ್ಮನ್ನು ಹಿಂದಕ್ಕೆ ನೂಕುತ್ತದೆ. ನಿಂತವರ ಕಾಲುಗಳು ಆ ಬಲವನ್ನು ನೆಲಕ್ಕೆ ದಾಟಿಸುತ್ತವೆ. ಗಾಲಿಯ ಮೇಲಿದ್ದವರ ಕುರ್ಚಿಯೇ ಕದಲುತ್ತದೆ. ಕದಲಿದಷ್ಟೂ ದೂರ ಸೋರಿಹೋಗುತ್ತದೆ.

ಹಾಗಾಗಿ ಗಾಲಿ ಹೋಯಿತು, ಪಟ್ಟಿಗಳಿಂದ ನೆಲಕ್ಕೆ ಬಿಗಿದ ಲೋಹದ ಚೌಕಟ್ಟು ಬಂತು. ಆಸನದ ಎತ್ತರಕ್ಕೆ ಮೆತ್ತೆ ಸೇರಿ 75 ಸೆಂ.ಮೀ. ಮಿತಿ. ಗುಂಡು ಕೈಬಿಡುವ ಎತ್ತರ ತಗ್ಗಿದರೆ ದೂರವೂ ತಗ್ಗುವುದರಿಂದ ಒಂದೊಂದು ಸೆಂಟಿಮೀಟರಿಗೂ ಬೆಲೆಯಿದೆ. ಆದರೆ ಎಲ್ಲಕ್ಕಿಂತ ದೊಡ್ಡದು ವೇಗ. ದೂರ ಹೆಚ್ಚುಕಡಿಮೆ ಅದರ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಓಟವಿಲ್ಲ, ಕಾಲಿನ ತಳ್ಳಾಟವಿಲ್ಲ. ವೇಗ ಹುಟ್ಟಬೇಕಾದದ್ದು ಮುಂಡದ ತಿರುವಿನಿಂದ, ಹೆಗಲಿನಿಂದ. ಹೊಟ್ಟೆಯ ಸ್ನಾಯುಗಳೂ ಮಾತು ಕೇಳದವರಿಗೆ ಕಂಬವೇ ಆಸರೆ: ಅದನ್ನು ಎಳೆದು ಮುಂಡವನ್ನು ತಿರುಗಿಸುತ್ತಾರೆ, ಎಸೆದ ಮೇಲೆ ಮುಗ್ಗರಿಸದೆ ಉಳಿಯುತ್ತಾರೆ. ಕಾಲಿನಲ್ಲಿ ಅಷ್ಟಿಷ್ಟು ಶಕ್ತಿಯುಳ್ಳವರು ಆಸನದಿಂದ ಮೇಲೆದ್ದು ಎಸೆಯುತ್ತಿದ್ದುದಕ್ಕೆ 2014ರ ನಿಯಮ ತಡೆ ಹಾಕಿತು. ಅದು ನ್ಯಾಯವಾಗಿತ್ತು ಎಂದೇ ನನ್ನ ಭಾವನೆ. ಸ್ಪರ್ಧೆಯ ಹೆಸರೇ ಕುಳಿತು ಎಸೆಯುವುದು.

ನಮ್ಮ ಬೆಂಗಳೂರಿನ ಮಾಲತಿ ಹೊಳ್ಳ 1988ರ ಸೋಲ್ ಪ್ಯಾರಾಲಿಂಪಿಕ್ಸ್‌ಗೆ ಹೋಗಿದ್ದರು. ಮಗುವಾಗಿದ್ದಾಗಲೇ ಜ್ವರ ಅವರ ಮೈಯ ಚಲನೆಯನ್ನು ಕಸಿದಿತ್ತು. ಈ ವಿದ್ಯೆಯನ್ನು ಇಲ್ಲಿ ಕಲಿಸುವವರೇ ವಿರಳವಾಗಿದ್ದ ಕಾಲದಲ್ಲಿ ಅವರು ಗುಂಡು, ತಟ್ಟೆ, ಈಟಿ ಹಿಡಿದರೆಂಬುದನ್ನು ನಾವು ಇನ್ನಷ್ಟು ಗಟ್ಟಿಯಾಗಿ ನೆನೆಯಬೇಕು. 2016ರ ರಿಯೋದಲ್ಲಿ ದೀಪಾ ಮಲಿಕ್ 4.61 ಮೀಟರ್ ಗುಂಡೆಸೆದು ಬೆಳ್ಳಿ ಗೆದ್ದರು. ಪ್ಯಾರಾಲಿಂಪಿಕ್ಸ್ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ಅವರು.

2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನ ಕ್ಲಬ್ ಎಸೆತದ ಎಫ್51 ವಿಭಾಗ ಇನ್ನೂ ಕಠಿಣ. ಅಲ್ಲಿ ಕಾಲು, ಮುಂಡದ ಜೊತೆಗೆ ಬೆರಳಿನ ಹಿಡಿತವೂ ದುರ್ಬಲ. ಭಾರತದ ಧರಂಬೀರ್ ಅವರ ಮೊದಲ ನಾಲ್ಕು ಎಸೆತಗಳು ಫೌಲ್. ಐದನೆಯದರಲ್ಲಿ ಕ್ಲಬ್ 34.92 ಮೀಟರ್ ಹಾರಿತು, ಚಿನ್ನ ಬಂತು. ಬೆಳ್ಳಿಯೂ ಭಾರತಕ್ಕೇ: ಪ್ರಣವ್ ಸೂರ್ಮಾ, 34.59.