ಜಪಾನಿನ ಪರ್ವತಚಿತ್ರಗಳು: ಸಂಗ್ರಹಕ್ಕೂ ಲೆಕ್ಕವಿರಲಿ

ಭೂಮಿ, ಬಂಗಾರಗಳಂತೆ ಕಲಾಕೃತಿಯೂ ಒಂದು ಆಸ್ತಿ. ಜಪಾನಿನ ಹಳೆಯ ಮರದಚ್ಚಿನ ಚಿತ್ರಗಳು ಇದಕ್ಕೆ ಉತ್ತಮ ನಿದರ್ಶನ. ಹೊಕುಸಾಯಿ 1830ರ ಸುಮಾರಿಗೆ ಆರಂಭಿಸಿದ ಫ್ಯೂಜಿ ಪರ್ವತದ ಮಾಲಿಕೆಯಲ್ಲಿ 46 ಚಿತ್ರಗಳಿವೆ. ಅಂದು ಜನಸಾಮಾನ್ಯರು ಕೊಳ್ಳುತ್ತಿದ್ದ ಈ ಮಾಲಿಕೆಯ ‘ಮಹಾ ಅಲೆ’ಯ ಒಂದು ಪ್ರತಿ 2023ರಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ 27.6 ಲಕ್ಷ ಡಾಲರಿಗೆ ಮಾರಾಟವಾಯಿತು. ಎಲ್ಲ ಪ್ರತಿಗಳಿಗೂ ಈ ಬೆಲೆ ದೊರೆಯದು.

ಪರೀಕ್ಷೆ ಹೇಗೆ?

ಒಂದೇ ಚಿತ್ರಕ್ಕೆ ಮೊದಲ ಮುದ್ರಣ, ಸವೆದ ಅಚ್ಚಿನ ಮುದ್ರಣ, ಹೊಸದಾಗಿ ಕೆತ್ತಿದ ಅಚ್ಚಿನ ಮುದ್ರಣ ಎಂಬ ಭೇದಗಳುಂಟು. ರೇಖೆಗಳ ಸ್ಪಷ್ಟತೆ, ಬಣ್ಣದ ಮಾಸುವಿಕೆ, ಅಂಚು ಕತ್ತರಿಸಿರುವುದು, ಹುಳು ತಿಂದ ರಂಧ್ರ ಇವೆಲ್ಲವೂ ಬೆಲೆಯನ್ನು ನಿರ್ಧರಿಸುತ್ತವೆ. 1930-31ರಲ್ಲಿ ಭಾರತಕ್ಕೆ ಬಂದು ಕಾಂಚನಜುಂಗಾವನ್ನು ಚಿತ್ರಿಸಿದ ಯೋಶಿದಾ ಹಿರೋಶಿಯವರ ಕೃತಿಗಳಲ್ಲಿ ‘ಜಿಜುರಿ’ ಮುದ್ರೆಯಿದ್ದರೆ ಅದು ಅವರ ಮೇಲ್ವಿಚಾರಣೆಯ ಮುದ್ರಣವೆಂದು ತಿಳಿಯುತ್ತದೆ. ಮುದ್ರೆಯನ್ನೂ ನಕಲು ಮಾಡಬಹುದಾದ್ದರಿಂದ ಮಾರಾಟಗಾರರಿಂದ ಲಿಖಿತ ಖಾತರಿ ಪಡೆಯುವುದು ಅವಶ್ಯ.

ತೆರಿಗೆ ಮತ್ತು ಕಾನೂನು

ಸುಂಕಪಟ್ಟಿಯ 97ನೇ ಅಧ್ಯಾಯದ ಟಿಪ್ಪಣಿಯಂತೆ ‘ಮೂಲ ಮುದ್ರಣ’ದ ಅಚ್ಚು ಸಂಪೂರ್ಣವಾಗಿ ಕಲಾವಿದನ ಕೈಯಿಂದಲೇ ಆಗಿರಬೇಕು. ಆದರೆ ಜಪಾನಿನ ಪದ್ಧತಿಯಲ್ಲಿ ಚಿತ್ರ ಬರೆಯುವವರು, ಕೆತ್ತುವವರು, ಮುದ್ರಿಸುವವರು ಸಾಮಾನ್ಯವಾಗಿ ಬೇರೆ ಬೇರೆ. ಆದಕಾರಣ ಆಮದಿಗೆ ಮುನ್ನವೇ ಕ್ಲಿಯರಿಂಗ್ ಏಜೆಂಟರಿಂದ ವರ್ಗೀಕರಣವನ್ನು ಖಚಿತಪಡಿಸಿಕೊಳ್ಳಬೇಕು. ಮೂಲ ಮುದ್ರಣಗಳ ಮೇಲಿನ ಜಿಎಸ್‌ಟಿ 22-9-2025ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ನೂರು ವರ್ಷ ದಾಟಿದ ಕಲಾಕೃತಿಗಳನ್ನು ಮರಳಿ ಹೊರದೇಶಕ್ಕೆ ಕಳುಹಿಸಲು 1972ರ ಪ್ರಾಚ್ಯವಸ್ತು ಕಾಯ್ದೆ ಅಡ್ಡಿಯಾಗುತ್ತದೆ.

ಆದಾಯ ತೆರಿಗೆಯಲ್ಲಿ ಕಲಾಕೃತಿಗೆ ‘ಸ್ವಂತ ಬಳಕೆಯ ವಸ್ತು’ ಎಂಬ ವಿನಾಯಿತಿಯಿಲ್ಲ. 24 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡು ಮಾರಿದರೆ ದೀರ್ಘಾವಧಿ ಲಾಭದ ಮೇಲೆ ಶೇ. 12.5 ತೆರಿಗೆ, ಜೊತೆಗೆ ಸೆಸ್ ಇತ್ಯಾದಿ. ಸಂಸ್ಥೆಯ ಹಣದಿಂದ ಕೊಂಡು ಮನೆಯ ಗೋಡೆಗೆ ತೂಗುಹಾಕಿದರೆ ಅದನ್ನು ಮಾಲೀಕರ ಡ್ರಾಯಿಂಗ್ಸ್ ಖಾತೆಗೆ ಬರೆಯತಕ್ಕದ್ದು. ಬಿಲ್, ಆಮದು ದಾಖಲೆ, ಬ್ಯಾಂಕ್ ಪಾವತಿಯ ವಿವರಗಳಿಲ್ಲದ ಚಿತ್ರಕ್ಕೆ ಮಾರಾಟದ ದಿನ ಖರೀದಿ ಬೆಲೆಯನ್ನು ರುಜುವಾತುಪಡಿಸುವುದು ಕಷ್ಟ.

ನಮ್ಮ ಜಿಲ್ಲೆಗೊಂದು ಪಾಠ

ಕ್ಷೀಣಿಸುತ್ತಿದ್ದ ಈ ಕಲೆಗೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜೀವ ತುಂಬಿದವರು ಪ್ರಕಾಶಕ ವಾತಾನಾಬೆ ಶೋಜಾಬುರೊ. ಅವರು ಕಲಾವಿದ, ಕೆತ್ತನೆಗಾರ, ಮುದ್ರಕರನ್ನು ಒಂದುಗೂಡಿಸಿ ಅಮೆರಿಕದವರೆಗೆ ಮಾರುಕಟ್ಟೆ ಕಟ್ಟಿದರು. 1923ರ ಭೂಕಂಪದಲ್ಲಿ ಅಚ್ಚುಗಳೂ ದಾಸ್ತಾನೂ ಸುಟ್ಟುಹೋದರೂ ಉದ್ಯಮವನ್ನು ಮತ್ತೆ ಎಬ್ಬಿಸಿದರು. ಕೊಪ್ಪಳದ ಸಮೀಪದ ಕಿನ್ನಾಳದಲ್ಲಿ ಮರ ಕೆತ್ತಿ ಬಣ್ಣ ತುಂಬುವ ಚಿತ್ರಗಾರರಿದ್ದಾರೆ. ಅವರ ಕಲೆಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಇದೆ. ಮುಂಗಡ ಬಂಡವಾಳ ಒದಗಿಸಿ, ಗುಣಮಟ್ಟ ಕಾಯ್ದು, ದೂರದ ಗ್ರಾಹಕರನ್ನು ಹುಡುಕುವ ಕೆಲಸ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ವರ್ತಕರಿಗೆ ಹೊಸದಲ್ಲ. ಅದೇ ಅನುಭವವನ್ನು ಕಿನ್ನಾಳಕ್ಕೂ ತೊಡಗಿಸುವ ಬಗೆಗೆ ಸದಸ್ಯರು ಆಲೋಚಿಸುವುದು ಸೂಕ್ತ.